ಐಸ್‌ಕ್ರೀಮಿನಲ್ಲಿ ಮರ ಇದೆಯಾ? ಓದುಗರ ಪ್ರಶ್ನೆಗಳು, ನನ್ನ ಉತ್ತರಗಳು

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ. ಐಸ್‌ಕ್ರೀಮು, ಟೈಲ್ಸ್ ಅಂಟಿಸುವ ಪುಡಿ, ಕನ್ನಡಕದ ಫ್ರೇಮು, ಬಂದೂಕಿನ ಮದ್ದು, ಈ ನಾಲ್ಕರಲ್ಲೂ ಗಿಡದ ನಾರು ವೇಷ ಬದಲಿಸಿ ಕೂತಿರುತ್ತದೆ ಅಂತ. ಅದಕ್ಕೆ ಬಂದ ಪತ್ರಗಳ ರಾಶಿ ನೋಡಿ, ಈ ಸಲ ಬೇರೆ ವಿಷಯ ಮುಟ್ಟುವುದೇ ಬೇಡ ಅನ್ನಿಸಿತು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ತಮ್ಮ ಪತ್ರ ಕಾಣಲಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಐಸ್‌ಕ್ರೀಮ್ ಡಬ್ಬಿಯ ಮೇಲೆ ‘ಇ 466’ ಅಂತ ಇತ್ತು. ಏನಿದು ಅಂತ ಹುಡುಕಿದರೆ ಮರದ ತಿರುಳಿನಿಂದ ಮಾಡಿದ್ದಂತೆ! ನಾವು ಮರ ತಿನ್ನುತ್ತಿದ್ದೇವಾ?

ಒಂದು ಲೆಕ್ಕದಲ್ಲಿ ಹೌದು. ಆದರೆ ಸೊಪ್ಪು ತಿನ್ನುವಾಗಲೂ ಅದನ್ನೇ ತಿನ್ನುತ್ತೀರಿ. ಗಿಡದ ಜೀವಕೋಶಗಳ ಗೋಡೆ ನಿಂತಿರುವುದು ಸೆಲ್ಯುಲೋಸ್ ಮೇಲೆ. ಒಣಗಿದ ಮರದಲ್ಲಿ ಸುಮಾರು ಅರ್ಧ ಭಾಗ ಸೆಲ್ಯುಲೋಸೇ. ಹತ್ತಿಯಲ್ಲಂತೂ ನೂರಕ್ಕೆ 90 ಪಾಲು ಅದೇ. ಬೇರೆ ಬೇರೆ ಗಿಡಗಳಿಂದ ಇದನ್ನು ಬೇರ್ಪಡಿಸಿ, ಎಲ್ಲದರಲ್ಲೂ ಇರುವುದು ಒಂದೇ ವಸ್ತು ಅಂತ 1838ರಲ್ಲಿ ತೋರಿಸಿದ್ದು ಆನ್ಸೆಲ್ಮ್ ಪಾಯೆನ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ.

ಇ 466 ಅಂದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಉದ್ಯಮದವರ ಬಾಯಲ್ಲಿ ಬರೀ ಸಿಎಂಸಿ. ಇದು ನೀರನ್ನು ಹಿಡಿದು ದಪ್ಪ ಮಾಡುತ್ತದೆ, ಐಸ್‌ಕ್ರೀಮಿನೊಳಗೆ ಮಂಜಿನ ಹರಳುಗಳು ದೊಡ್ಡದಾಗಿ ಬೆಳೆಯದಂತೆ ತಡೆಯುತ್ತದೆ. ಫ್ರಿಜ್ಜಿನಲ್ಲಿ ತುಂಬ ದಿನ ಇದ್ದ ಐಸ್‌ಕ್ರೀಮು ಮರಳು ಮರಳಾಗುತ್ತದಲ್ವಾ? ಅದನ್ನು ತಡ ಮಾಡುವುದೇ ಇದರ ಕೆಲಸ. ಟೂತ್‌ಪೇಸ್ಟು ನೀರು ಬಿಟ್ಟುಕೊಳ್ಳದೆ ಒಂದೇ ಹದದಲ್ಲಿರುವುದಕ್ಕೂ ಇದನ್ನೇ ಹಾಕುತ್ತಾರೆ. ಬಟ್ಟೆ ಸೋಪಿನ ಪುಡಿಯಲ್ಲೂ ಇರುತ್ತದೆ. ಅಲ್ಲಿ ಅದರ ಕೆಲಸ, ಒಮ್ಮೆ ಬಿಟ್ಟ ಕೊಳೆ ಮತ್ತೆ ಬಟ್ಟೆಗೆ ಅಂಟದಂತೆ ನೋಡಿಕೊಳ್ಳುವುದು.

ಹೊಟ್ಟೆಗೆ ಏನಾಗುತ್ತೆ ಅಂತ ಮೂರು ಜನ ಕೇಳಿದ್ದೀರಿ. ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿ ಇಲ್ಲ. ಹಾಗಾಗಿ ಸಿಎಂಸಿ ಹೆಚ್ಚುಕಮ್ಮಿ ಬಂದಂತೆಯೇ ಆಚೆ ಹೋಗುತ್ತದೆ. ಆದರೆ ಅಷ್ಟು ಹೇಳಿ ಕೈ ತೊಳೆದುಕೊಂಡರೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ. ಇದರಿಂದ ಇಲಿಗಳ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಏರುಪೇರಾಯಿತು ಅಂತ 2015ರಲ್ಲಿ ಒಂದು ಅಧ್ಯಯನ ಬಂತು. 2022ರಲ್ಲಿ ಮನುಷ್ಯರ ಮೇಲೂ ಒಂದು ಚಿಕ್ಕ ಅಧ್ಯಯನ ಪ್ರಕಟವಾಯಿತು. ಅದರಲ್ಲಿದ್ದವರು 16 ಜನ, ಸಿಎಂಸಿ ಕೊಟ್ಟವರಿಗೆ ದಿನಕ್ಕೆ 15 ಗ್ರಾಂ. ಅವರ ಕರುಳಿನ ಬ್ಯಾಕ್ಟೀರಿಯಾಗಳಲ್ಲೂ ಬದಲಾವಣೆ ಕಂಡಿತು. ಆದರೆ 15 ಗ್ರಾಂ ತುಂಬಾ ಜಾಸ್ತಿ. ನೂರು ಗ್ರಾಂ ಐಸ್‌ಕ್ರೀಮಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಮೂ ಇರುವುದಿಲ್ಲ. ಅಪರೂಪಕ್ಕೆ ತಿನ್ನುವ ಐಸ್‌ಕ್ರೀಮಿಗೆ ನಾನಂತೂ ತಲೆಕೆಡಿಸಿಕೊಳ್ಳುವುದಿಲ್ಲ. ಮೂರು ಹೊತ್ತೂ ಪ್ಯಾಕೆಟ್ ಊಟವೇ ಆದರೆ ಆ ಮಾತು ಬೇರೆ.

ಪ್ರಶ್ನೆ: ಸೆಲ್ಯುಲೋಸ್ ಅಂದರೆ ಗ್ಲೂಕೋಸಿನ ಸರಪಳಿ ಅಂತ ಪುಸ್ತಕದಲ್ಲಿದೆ. ಗ್ಲೂಕೋಸ್ ನೀರಲ್ಲಿ ಕರಗುತ್ತೆ. ಹತ್ತಿ ಬಟ್ಟೆ ಯಾಕೆ ಕರಗಲ್ಲ?

ಕೇಳಿದವರು ಕಾಲೇಜು ವಿದ್ಯಾರ್ಥಿನಿ. ಈ ಕಂತಿನ ಉಳಿದ ಎಲ್ಲ ಉತ್ತರಗಳ ಬೇರು ಇವರ ಪ್ರಶ್ನೆಯಲ್ಲಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸರಪಳಿಯಲ್ಲಿರುವ ಒಂದೊಂದು ಗ್ಲೂಕೋಸಿಗೂ ಮೂರು ಕೈಗಳಿವೆ ಅಂದುಕೊಳ್ಳಿ. ಹೈಡ್ರಾಕ್ಸಿಲ್ ಗುಂಪು ಅಂತಾರಲ್ಲ, ಒಂದು ಆಮ್ಲಜನಕ, ಒಂದು ಹೈಡ್ರೋಜನ್, ಅವೇ ಈ ಕೈಗಳು. ಬಿಡಿ ಗ್ಲೂಕೋಸ್ ಆದರೆ ಈ ಕೈಗಳು ನೀರನ್ನು ಹಿಡಿದುಕೊಂಡು ಹೊರಟುಬಿಡುತ್ತವೆ. ಸೆಲ್ಯುಲೋಸಿನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಗ್ಲೂಕೋಸೂ ಪಕ್ಕದ್ದಕ್ಕಿಂತ ಮಗುಚಿಕೊಂಡು ಸೇರಿರುತ್ತದೆ. ಅದರಿಂದ ಸರಪಳಿ ರಿಬ್ಬನ್ನಿನಂತೆ ನೆಟ್ಟಗೆ, ಚಪ್ಪಟೆಯಾಗಿ ನಿಲ್ಲುತ್ತದೆ. ಪಿಷ್ಟವೂ ಗ್ಲೂಕೋಸಿನದೇ ಸರಪಳಿ, ಆದರೆ ಅಲ್ಲಿ ಸೇರುವ ಕೋನ ಬೇರೆ. ಅದು ಸುರುಳಿ ಸುತ್ತುತ್ತದೆ, ಬಿಸಿನೀರಿಗೆ ಬಗ್ಗುತ್ತದೆ, ನಮಗೆ ಜೀರ್ಣವೂ ಆಗುತ್ತದೆ. ನೆಟ್ಟಗಿರುವ ಸೆಲ್ಯುಲೋಸ್ ಸರಪಳಿಗಳು ಒಂದರ ಪಕ್ಕ ಒಂದು ಮಲಗಿ, ಒಂದರ ಕೈ ಇನ್ನೊಂದು ಹಿಡಿದುಕೊಂಡು ಕಟ್ಟಾಗುತ್ತವೆ. ಹೈಡ್ರೋಜನ್ ಬಂಧ ಒಂದೊಂದೇ ನೋಡಿದರೆ ಏನೂ ಗಟ್ಟಿ ಅಲ್ಲ. ಆದರೆ ಒಂದು ಸರಪಳಿಯಲ್ಲೇ ಸಾವಿರಾರು ಗ್ಲೂಕೋಸ್ ಇದ್ದಾಗ ನೀರು ಯಾವ ಕೈಯನ್ನು ಅಂತ ಬಿಡಿಸೀತು? ಬಿಸಿ ಮಾಡಿದರೂ ಕರಗಿ ಹರಿಯುವುದಿಲ್ಲ, ಹರಿಯುವ ಮೊದಲೇ ಸುಟ್ಟು ಕರಕಲಾಗುತ್ತದೆ. ಪ್ಲಾಸ್ಟಿಕ್ಕಿನ ಹಾಗೆ ಅಚ್ಚಿಗೆ ಸುರಿಯಲು ಆಗದೇ ಇರುವುದು ಇದಕ್ಕೇ.

ಸೆಲ್ಯುಲೋಸ್ ರಸಾಯನದ ಆಟ ಪೂರ್ತಿ ಇಲ್ಲೇ ಇದೆ. ಆ ಕೈಗಳನ್ನು ಬಿಡಿಸಿ, ಅವಕ್ಕೆ ಬೇರೇನಾದರೂ ತೊಡಿಸಬೇಕು. ಏನು ತೊಡಿಸುತ್ತೀರಿ, ಎಷ್ಟು ಕೈಗೆ ತೊಡಿಸುತ್ತೀರಿ, ಇವೆರಡರ ಮೇಲೆ ಅದು ಐಸ್‌ಕ್ರೀಮಿಗೆ ಹೋಗುತ್ತೋ ಬಂದೂಕಿಗೆ ಹೋಗುತ್ತೋ ತೀರ್ಮಾನ ಆಗುತ್ತದೆ.

ಸಿಎಂಸಿಯನ್ನೇ ತಗೊಳ್ಳಿ. ಮರದ ತಿರುಳನ್ನೋ, ಹತ್ತಿ ಬೀಜಕ್ಕೆ ಅಂಟಿರುವ ಗಿಡ್ಡ ನಾರನ್ನೋ ಮೊದಲು ಕಾಸ್ಟಿಕ್ ಸೋಡಾದಲ್ಲಿ ನೆನೆಸುತ್ತಾರೆ. ನಾರು ಉಬ್ಬಿ ಒಳಗಿನ ಕೈಹಿಡಿತ ಸಡಿಲವಾಗುತ್ತದೆ. ಆಮೇಲೆ ಮೊನೊಕ್ಲೋರೋ ಅಸಿಟಿಕ್ ಆಮ್ಲ ಸೇರಿಸುತ್ತಾರೆ. ಕೆಲವು ಕೈಗಳಿಗೆ ಋಣ ವಿದ್ಯುತ್ತಿರುವ ಗುಂಪು ಅಂಟಿಕೊಳ್ಳುತ್ತದೆ. ಋಣಕ್ಕೂ ಋಣಕ್ಕೂ ಆಗಿಬರುವುದಿಲ್ಲವಲ್ಲ, ಸರಪಳಿಗಳು ಒಂದನ್ನೊಂದು ದೂಡುತ್ತವೆ, ನಡುವೆ ನೀರು ನುಗ್ಗುತ್ತದೆ. ಜೊತೆಗೆ ಹುಟ್ಟುವ ಉಪ್ಪನ್ನು ತೊಳೆಯಲು ಬರೀ ನೀರು ಬಳಸುವ ಹಾಗಿಲ್ಲ, ಮಾಲೇ ಕರಗಿ ಹೋಗುತ್ತೆ! ಅದಕ್ಕೆ ನೀರು ಬೆರೆಸಿದ ಆಲ್ಕೋಹಾಲಿನಲ್ಲಿ ತೊಳೆಯುತ್ತಾರೆ.

ಎಷ್ಟು ಕೈ ಅಂದರೆ, ಹತ್ತು ಗ್ಲೂಕೋಸಿಗೆ ಮೂವತ್ತು ಕೈ ಅಲ್ವಾ? ಅದರಲ್ಲಿ ಸರಾಸರಿ ಏಳಕ್ಕೆ ತೊಡಿಸಿದರೆ ಸಾಕು, ಚೆನ್ನಾಗಿ ಕರಗುವ ಸಿಎಂಸಿ ಸಿಗುತ್ತದೆ. ಇದನ್ನು 0.7 ಅಂತ ಬರೆಯುತ್ತಾರೆ, ಅಂದರೆ ಒಂದು ಗ್ಲೂಕೋಸಿಗೆ 0.7 ಕೈ. 0.4ಕ್ಕಿಂತ ಕೆಳಗಿಳಿದರೆ ಉಬ್ಬುತ್ತದೆ, ಸರಿಯಾಗಿ ಕರಗುವುದಿಲ್ಲ. ಎಲ್ಲ ಕೈಯೂ ತುಂಬಿದರೆ 3. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಪ್ರಶ್ನೆ: ಕೈಯಲ್ಲೇ ಶಾಂಪೂ ಮಾಡುವ ಹವ್ಯಾಸ ನನ್ನದು. ಸಿಎಂಸಿ ಪುಡಿ ನೀರಿಗೆ ಹಾಕಿದ ಕೂಡಲೇ ಗಂಟು ಗಂಟಾಗುತ್ತೆ. ಏನು ಮಾಡಲಿ?

ನಿಮ್ಮ ಸಂಕಟ ನನಗೆ ಗೊತ್ತು. ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದೊಡ್ಡ ಪಾತ್ರೆ ನೀರಿಗೆ ಅಷ್ಟೂ ಪುಡಿಯನ್ನು ಒಂದೇ ಸಲ ಸುರಿದು, ಮಧ್ಯಾಹ್ನದವರೆಗೆ ಗಂಟು ಒಡೆಯುತ್ತಾ ಕೂತಿದ್ದೆ. ಕೊನೆಗೆ ಅದನ್ನು ಚೆಲ್ಲಿ ಬೈಸಿಕೊಂಡೆ. ಪುಡಿಯ ಹೊರಮೈ ತಕ್ಷಣ ನೀರು ಕುಡಿದು ಅಂಟಾಗುತ್ತದೆ, ಆ ಅಂಟು ಒಳಗಿನ ಒಣ ಪುಡಿಗೆ ನೀರು ತಲುಪಲು ಬಿಡುವುದಿಲ್ಲ. ಹಾಗಾಗಿ ಪುಡಿಯನ್ನು ಮೊದಲು ಗ್ಲಿಸರಿನ್ನಿನಲ್ಲಿ ಕಲಸಿ. ಅದರಲ್ಲಿ ಕಣಗಳು ಬಿಡಿಬಿಡಿಯಾಗುತ್ತವೆ, ಉಬ್ಬುವುದಿಲ್ಲ. ಆಮೇಲೆ ನೀರನ್ನು ಜೋರಾಗಿ ತಿರುಗಿಸುತ್ತಾ ಸ್ವಲ್ಪ ಸ್ವಲ್ಪವೇ ಬಿಡಿ, ಒಂದು ರಾತ್ರಿ ಹಾಗೇ ಇಡಿ. ಅವಸರ ಮಾಡಿದರೆ ಮತ್ತೆ ಗಂಟೇ.

ಪ್ರಶ್ನೆ: ಹತ್ತಿಯಿಂದ ಸಿಡಿಮದ್ದು ಕಂಡುಹಿಡಿದದ್ದು ಹೆಂಡತಿಯ ಏಪ್ರನ್ನಿನಿಂದ ಅಂತ ಓದಿದ್ದೆ. ನಿಜವಾ? ಹಳೆ ಸಿನಿಮಾ ರೀಲುಗಳಿಗೆ ಬೆಂಕಿ ಬೀಳುತ್ತಿದ್ದದ್ದೂ ಇದರಿಂದಲೇ ಅಂತೆ?

ಕಂಡುಹಿಡಿದವರು ಕ್ರಿಶ್ಚಿಯನ್ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿದ್ದರು, ವರ್ಷ 1846. ಇಷ್ಟು ಖಚಿತ. ಅಡುಗೆಮನೆಯಲ್ಲಿ ಆಮ್ಲ ಚೆಲ್ಲಿ, ಹೆಂಡತಿಯ ಹತ್ತಿ ಏಪ್ರನ್ನಿನಲ್ಲಿ ಒರೆಸಿ, ಒಲೆಯ ಹತ್ತಿರ ಒಣಗಲು ಹಾಕಿದರೆ ಭಗ್ ಅಂತ ಮಾಯವಾಯಿತು ಅನ್ನುವುದು ಬಾಯಿಂದ ಬಾಯಿಗೆ ಬಂದ ಕಥೆ. ಕಥೆ ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ.

ನೈಟ್ರಿಕ್ ಆಮ್ಲ, ಸಲ್ಫ್ಯೂರಿಕ್ ಆಮ್ಲ ಬೆರೆಸಿ ಅದರಲ್ಲಿ ಹತ್ತಿ ಅದ್ದಿದರೆ ಸೆಲ್ಯುಲೋಸಿನ ಕೈಗಳಿಗೆ ನೈಟ್ರೇಟ್ ಅಂಟುತ್ತದೆ. ತೊಳೆದು ಒಣಗಿಸಿದ ಮೇಲೆ ನೋಡಲು ಅದೇ ಹತ್ತಿ. ಆದರೆ ಉರಿಯಲು ಬೇಕಾದ ಆಮ್ಲಜನಕ ಈಗ ಅದರ ಕೈಯಲ್ಲೇ ಇದೆ. ಗಾಳಿಗೆ ಕಾಯಬೇಕಿಲ್ಲ. ತೂಕದಲ್ಲಿ ಸಾರಜನಕ ನೂರಕ್ಕೆ 13ರ ಮೇಲೆ ಹೋದರೆ ಅದು ಸಿಡಿಹತ್ತಿ, ಬಂದೂಕಿನ ಮದ್ದಿಗೆ ಹೋಗುವುದು. 11ರ ಆಸುಪಾಸಿನಲ್ಲಿ ನಿಲ್ಲಿಸಿ ಕರ್ಪೂರದ ಜೊತೆ ನಾದಿದರೆ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ಕು. ಎರಡಂಶದಲ್ಲಿ ಎಷ್ಟು ಫರಕ್ಕು ನೋಡಿ! ಬಿಲಿಯರ್ಡ್ಸ್ ಚೆಂಡಿಗೆ ಆನೆದಂತ ಸಾಲುತ್ತಿರಲಿಲ್ಲ, ಬದಲಿ ಹುಡುಕಿಕೊಟ್ಟವರಿಗೆ 10,000 ಡಾಲರ್ ಬಹುಮಾನ ಅಂತ ಪ್ರಕಟಣೆ ಬಂದಿತ್ತು. ಅದರ ಬೆನ್ನು ಹತ್ತಿದ ಅಮೆರಿಕದ ಜಾನ್ ವೆಸ್ಲಿ ಹಯಾಟ್ 1870ರ ಹೊತ್ತಿಗೆ ಸೆಲ್ಯುಲಾಯ್ಡ್ ತಯಾರಿಕೆಯನ್ನು ಹಿಡಿತಕ್ಕೆ ತಂದರು. ಅದಕ್ಕೂ ಮೊದಲೇ, 1862ರಲ್ಲಿ, ಅಲೆಕ್ಸಾಂಡರ್ ಪಾರ್ಕ್ಸ್ ಇಂಥದ್ದೇ ಒಂದು ವಸ್ತುವನ್ನು ಲಂಡನ್ನಿನ ಪ್ರದರ್ಶನದಲ್ಲಿ ಇಟ್ಟಿದ್ದರು. ಅವರ ವ್ಯಾಪಾರ ಮಾತ್ರ ಕೈಗೂಡಲಿಲ್ಲ.

ರೀಲುಗಳ ವಿಷಯ ಪೂರ್ತಿ ನಿಜ. ಮೊದಲ ಸಿನಿಮಾ ಫಿಲ್ಮ್ ನೈಟ್ರೇಟಿನದೇ. ಅದು ಒಮ್ಮೆ ಹತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತಲೇ ಇರುತ್ತದೆ, ಯಾಕಂತ ಈಗ ನಿಮಗೇ ಗೊತ್ತು. 1950ರ ಆಚೀಚೆ ಅದರ ಜಾಗಕ್ಕೆ ಸೆಲ್ಯುಲೋಸ್ ಟ್ರೈಅಸಿಟೇಟ್ ಬಂತು. ಇಲ್ಲಿ ಕೈಗಳಿಗೆ ತೊಡಿಸಿರುವುದು ಅಸಿಟಿಕ್ ಆಮ್ಲದ ತುಂಡು, ಅಂದರೆ ವಿನೆಗರಿನ ನೆಂಟ. ಇದು ಭಗ್ ಅನ್ನುವುದಿಲ್ಲ. ಇದಕ್ಕೆ ಬೇರೆ ರೋಗ. ಸೆಕೆ, ತೇವ ಸೇರಿದರೆ ಆ ತುಂಡುಗಳು ಕಳಚಿಕೊಂಡು ಡಬ್ಬಿ ತೆಗೆದ ಕೂಡಲೇ ವಿನೆಗರಿನ ವಾಸನೆ ಹೊಡೆಯುತ್ತದೆ. ಬಿಟ್ಟ ಆಮ್ಲವೇ ಇನ್ನಷ್ಟು ತುಂಡುಗಳನ್ನು ಬಿಡಿಸುತ್ತದೆ. ಫಿಲ್ಮ್ ಕುಗ್ಗಿ, ಸುರುಟಿ, ಕೈಬಿಟ್ಟು ಹೋಗುತ್ತದೆ. ತಂಪಾಗಿ, ಒಣಗಿದ ಜಾಗದಲ್ಲಿ ಇಟ್ಟರೆ ಇದು ನಿಧಾನವಾಗುತ್ತದೆ, ಆದರೆ ಹಾಳಾದದ್ದು ವಾಪಸ್ ಸರಿಯಾಗುವುದಿಲ್ಲ.

ಎಷ್ಟೋ ಕನ್ನಡಕದ ಫ್ರೇಮುಗಳೂ ಅಸಿಟೇಟೇ. ಇದರಲ್ಲಿ ಒಂದು ತಮಾಷೆ ಇದೆ. ಮೂರೂ ಕೈ ತುಂಬಿದ ಟ್ರೈಅಸಿಟೇಟ್ ಅಸಿಟೋನ್ ಎಂಬ ದ್ರಾವಕದಲ್ಲಿ ಕರಗುವುದಿಲ್ಲ, ಒಂದು ಗ್ಲೂಕೋಸಿಗೆ ಸರಾಸರಿ 2.5 ಕೈಯಷ್ಟಿದ್ದರೆ ಸಲೀಸಾಗಿ ಕರಗುತ್ತದೆ. ಹಾಗಾದರೆ 2.5ಕ್ಕೇ ನಿಲ್ಲಿಸಬಹುದಲ್ಲ ಅಂದರೆ ಆಗುವುದಿಲ್ಲ. ನಾರಿನ ಹೊರಗಿನ ಸರಪಳಿಗಳಿಗೆ ಎಲ್ಲ ಸಿಕ್ಕು, ಒಳಗಿನವು ಬರಿಗೈಯಲ್ಲಿ ಉಳಿದುಬಿಡುತ್ತವೆ. ಅದಕ್ಕೆ ಮೊದಲು ಎಲ್ಲ ಕೈಗೂ ತೊಡಿಸಿ, ಆಮೇಲೆ ನೀರು ಸೇರಿಸಿ ಸ್ವಲ್ಪ ಕಳಚುತ್ತಾರೆ. 20ನೇ ಶತಮಾನದ ಶುರುವಿನಲ್ಲಿ ಈ ಉಪಾಯ ಹೊಳೆದ ಮೇಲೆಯೇ ಅಸಿಟೇಟಿಗೆ ಮಾರುಕಟ್ಟೆ ಸಿಕ್ಕಿದ್ದು.

ಪ್ರಶ್ನೆ: ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಸಿಡಿಹತ್ತಿ ಮಾಡಬಹುದಾ ಸಾರ್?

ಬೇಡ ಮಾರಾಯ. ಬೆರಳು ಬೇಕು ನಿನಗೆ.

ಬದಲಿಗೆ ನಿನ್ನ ಮೇಷ್ಟ್ರಿಗೆ ಹೇಳಿ ಮೀಥೈಲ್ ಸೆಲ್ಯುಲೋಸ್ ತರಿಸು. ಬಿಸಿನೀರಿನಲ್ಲಿ ಪುಡಿ ಕದಡಿ, ಫ್ರಿಜ್ಜಿನಲ್ಲಿಟ್ಟರೆ ಕರಗಿ ತಿಳಿಯಾಗುತ್ತದೆ. ಅದನ್ನು ಮತ್ತೆ ಬಿಸಿ ಮಾಡು, ಗಟ್ಟಿಯಾಗುತ್ತದೆ! ತಣ್ಣಗಾದರೆ ಮತ್ತೆ ನೀರು. ಬೆಣ್ಣೆಗೂ ಮೇಣಕ್ಕೂ ಪೂರ್ತಿ ಉಲ್ಟಾ. ಮೀಥೈಲ್ ತೊಟ್ಟ ಕೈಗಳಿಗೆ ನೀರು ಕಂಡರೆ ಆಗದು. ತಣ್ಣಗಿದ್ದಾಗ ನೀರಿನ ಅಣುಗಳು ಅವುಗಳ ಸುತ್ತ ಬೇಲಿ ಕಟ್ಟಿ ಸಂಭಾಳಿಸುತ್ತವೆ. ಬಿಸಿಯಾದಾಗ ಬೇಲಿ ಮುರಿಯುತ್ತದೆ, ಮೀಥೈಲ್‌ಗಳೆಲ್ಲ ಒಂದು ಕಡೆ ಗುಂಪುಗೂಡುತ್ತವೆ. ಪ್ರದರ್ಶನಕ್ಕೆ ಬಂದವರು ನಿನ್ನ ಮೇಜು ಬಿಟ್ಟು ಹೋಗುವುದಿಲ್ಲ ನೋಡು. ಮಾಂಸವಿಲ್ಲದ ಬರ್ಗರು ಕಾವಲಿಯ ಮೇಲೆ ಚೂರಾಗದೇ ಇರುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಟೈಲ್ಸ್ ಪುಡಿಯಲ್ಲಿರುವುದೂ ಇದರ ತಮ್ಮನೇ, ಹೈಡ್ರಾಕ್ಸಿಪ್ರೊಪೈಲ್ ಮೀಥೈಲ್ ಸೆಲ್ಯುಲೋಸ್ ಅಂತ ಮಾರುದ್ದದ ಹೆಸರು, ಎಚ್‌ಪಿಎಂಸಿ ಅಂದರೆ ಸಾಕು. ಸಿಮೆಂಟು ಹಿಡಿಯುವ ಮೊದಲೇ ಗೋಡೆ ನೀರನ್ನೆಲ್ಲ ಹೀರದಂತೆ ಅದು ತಡೆದಿಟ್ಟುಕೊಳ್ಳುತ್ತದೆ.

ಪ್ರಶ್ನೆ: ‘ಸಸ್ಯಾಹಾರಿ ಕ್ಯಾಪ್ಸೂಲ್’ ಅಂದರೆ ಏನು?

ಸಾಮಾನ್ಯ ಕ್ಯಾಪ್ಸೂಲಿನ ಸಿಪ್ಪೆ ಜೆಲಟಿನ್. ಅದನ್ನು ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡುತ್ತಾರೆ. ಸಸ್ಯಾಹಾರಿ ಅಂತ ಬರೆದಿದ್ದರೆ ಬಹುಪಾಲು ಮೇಲೆ ಹೇಳಿದ ಎಚ್‌ಪಿಎಂಸಿಯೇ. ದಿನಕ್ಕೊಂದು ನುಂಗಿದರೆ ಸಾಕು ಅನ್ನುವ ಕೆಲವು ಮಾತ್ರೆಗಳಲ್ಲೂ ಇದೇ ಇರುತ್ತದೆ. ಹೊಟ್ಟೆಯಲ್ಲಿ ನೆನೆದು ಹೊರಮೈ ಅಂಟಂಟಾಗಿ, ಔಷಧ ಅದರ ಮೂಲಕ ನಿಧಾನಕ್ಕೆ ಹೊರಬರುತ್ತದೆ. ಅಂಥ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುರಿಯಬೇಡಿ, ಜಗಿಯಬೇಡಿ. ದಿನವಿಡೀ ಬರಬೇಕಾದ ಔಷಧ ಒಂದೇ ಸಲ ಬಂದುಬಿಡಬಹುದು.

ಪ್ರಶ್ನೆ: ರೇಯಾನ್ ಬಟ್ಟೆ ನೈಸರ್ಗಿಕವಾ, ಕೃತಕವಾ? ಅಂಗಡಿಯವರು ‘ಬಿದಿರಿನ ಬಟ್ಟೆ’ ಅಂತ ಮಾರುತ್ತಾರಲ್ಲ, ಅದೇನು?

ವಸ್ತು ಗಿಡದ್ದು, ಎಳೆ ಕಾರ್ಖಾನೆಯದ್ದು. ಚಾರ್ಲ್ಸ್ ಕ್ರಾಸ್, ಎಡ್ವರ್ಡ್ ಬೆವನ್, ಕ್ಲೇಟನ್ ಬೀಡಲ್ ಎಂಬ ಮೂವರು 1892ರಲ್ಲಿ ಪೇಟೆಂಟ್ ಪಡೆದ ವಿಧಾನ ಇವತ್ತಿಗೂ ನಡೆಯುತ್ತಿದೆ. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಹಿಂಡಿ, ಪುಡಿ ಮಾಡಿ, ಕಾರ್ಬನ್ ಡೈಸಲ್ಫೈಡ್ ಆವಿಗೆ ಒಡ್ಡುತ್ತಾರೆ. ಕೈಗಳಿಗೆ ಗಂಧಕದ ಗುಂಪು ಅಂಟಿ ಪುಡಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ತೆಳು ಕಾಸ್ಟಿಕ್‌ನಲ್ಲಿ ಕರಗಿಸಿದರೆ ಜೇನಿನಂಥ ದ್ರವ. ಅದೇ ವಿಸ್ಕೋಸ್. ಇದನ್ನು ಸಣ್ಣ ತೂತುಗಳಿಂದ ಆಮ್ಲದ ತೊಟ್ಟಿಗೆ ಒತ್ತಿದ ಕೂಡಲೇ ತೊಟ್ಟದ್ದೆಲ್ಲ ಕಳಚಿ ಮತ್ತೆ ಬರೀ ಸೆಲ್ಯುಲೋಸ್ ಎಳೆ! ಅದೇ ರೇಯಾನ್, ವಿಸ್ಕೋಸ್ ಅಂತಲೂ ಕರೆಯುತ್ತಾರೆ. ಸೀಳಿನಿಂದ ಹಾಳೆಯಾಗಿ ಒತ್ತಿದರೆ ಸೆಲ್ಲೋಫೇನ್. ಅಂದರೆ ಇಲ್ಲಿ ಬದಲಾವಣೆ ಬಾಡಿಗೆ ವೇಷದ ಹಾಗೆ, ಕರಗುವಷ್ಟು ಹೊತ್ತು ಹಾಕಿಕೊಂಡು ಆಮೇಲೆ ವಾಪಸ್. ಆದರೆ ಸರಪಳಿಗಳು ತುಂಡಾಗಿ ಗಿಡ್ಡವಾಗಿರುತ್ತವೆ. ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುವುದಕ್ಕೆ ಅದೂ ಒಂದು ಕಾರಣ. ಒಗೆಯುವಾಗ ಹಿಂಡಿ ತಿರುಚಬೇಡಿ.

ಮೃದುವಾದ ಬಟ್ಟೆಯ ಹಿಂದಿನ ಇನ್ನೊಂದು ಮಾತೂ ಹೇಳಬೇಕು. ಕಾರ್ಬನ್ ಡೈಸಲ್ಫೈಡ್ ವಿಷ. ಹಳೆಯ ಕಾರ್ಖಾನೆಗಳಲ್ಲಿ ಅದನ್ನು ಉಸಿರಾಡಿದ ಕೆಲಸಗಾರರ ನರಗಳು ಹಾಳಾದವು, ಕೆಲವರಿಗೆ ಬುದ್ಧಿಭ್ರಮಣೆಯಾಯಿತು, ಹೃದಯದ ಕಾಯಿಲೆ ಬಂತು. ಆವಿಯನ್ನು ಹಿಡಿದು ಮತ್ತೆ ಬಳಸುವ ಕಾರ್ಖಾನೆಗೂ ಗಾಳಿಗೆ ಬಿಡುವ ಕಾರ್ಖಾನೆಗೂ ಅಜಗಜಾಂತರ. ಬಟ್ಟೆ ಮುಟ್ಟಿ ನೋಡಿದರೆ ಅದು ಗೊತ್ತಾಗುವುದಿಲ್ಲ. ಲಯೋಸೆಲ್ ಅನ್ನುವ ಎಳೆಗೆ ಈ ಗೊಡವೆಯೇ ಇಲ್ಲ. ಅಲ್ಲಿ ಎನ್‌ಎಂಎಂಓ ಎಂಬ ದ್ರಾವಕದಲ್ಲಿ ಸೆಲ್ಯುಲೋಸನ್ನು ನೇರವಾಗಿ ಕರಗಿಸಿ ನೀರಿಗೆ ಒತ್ತುತ್ತಾರೆ. ಕೈಗಳಿಗೆ ಏನೂ ತೊಡಿಸುವುದಿಲ್ಲ, ದ್ರಾವಕ ನೂರಕ್ಕೆ 99ಕ್ಕಿಂತ ಜಾಸ್ತಿ ವಾಪಸ್ ಸಿಗುತ್ತದೆ. ನನ್ನನ್ನು ಕೇಳಿದರೆ ಆಯ್ಕೆ ಇದ್ದಾಗ ಲಯೋಸೆಲ್ ತಗೊಳ್ಳಿ.

ಬಿದಿರಿನ ಬಟ್ಟೆ ಬಹುತೇಕ ವಿಸ್ಕೋಸೇ, ತಿರುಳು ಮಾತ್ರ ಬಿದಿರಿನದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಇದನ್ನು ಬರೀ ಬಿದಿರು ಅಂತ ಮಾರುತ್ತಿದ್ದ ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು.

ಪ್ರಶ್ನೆ: ಇಸ್ತ್ರಿ ಬೇಡದ ಹತ್ತಿ ಶರ್ಟು ಹೇಗೆ ಸಾಧ್ಯ?

ಹತ್ತಿ ಒದ್ದೆಯಾದಾಗ ಪಕ್ಕಪಕ್ಕದ ಸರಪಳಿಗಳ ಕೈಹಿಡಿತ ಅಲ್ಲಲ್ಲಿ ಬಿಡುತ್ತದೆ. ಮುದುಡಿದ ಹಾಗೇ ಒಣಗಿದರೆ ಅದೇ ಭಂಗಿಯಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ, ಅದೇ ಸುಕ್ಕು. ಇಸ್ತ್ರಿ ಬೇಡದ ಬಟ್ಟೆಯಲ್ಲಿ ಎರಡು ಸರಪಳಿಗಳ ಕೈಗಳನ್ನು ಒಂದು ರಾಸಾಯನಿಕ ಸೇತುವೆಯಿಂದ ಶಾಶ್ವತವಾಗಿ ಕಟ್ಟಿಬಿಡುತ್ತಾರೆ. ಬಟ್ಟೆ ಮುದುಡಿದರೂ ಮೊದಲಿನ ಆಕಾರಕ್ಕೆ ಎಳೆದುಕೊಳ್ಳುತ್ತದೆ. ಬೆಲೆ ಏನು ಅಂದರೆ, ಬಟ್ಟೆ ಬೇಗ ಹರಿಯುತ್ತದೆ. ಬಳಸುವ ರಾಸಾಯನಿಕದಿಂದ ಅಷ್ಟಿಷ್ಟು ಫಾರ್ಮಾಲ್ಡಿಹೈಡ್ ಕೂಡ ಬರುತ್ತದೆ. ಹೊಸ ಶರ್ಟನ್ನು ಒಮ್ಮೆ ಒಗೆದು ಹಾಕಿಕೊಳ್ಳಿ.

ಪ್ರಶ್ನೆ: ಗಿಡದಿಂದ ಬಂದದ್ದು ಮಣ್ಣಿಗೆ ಸೇರಲೇಬೇಕಲ್ಲ? ಹಾಗಾದರೆ ಸಿಗರೇಟಿನ ಫಿಲ್ಟರ್ ಯಾಕೆ ಕೊಳೆಯಲ್ಲ?

‘ಗಿಡದಿಂದ ಮಾಡಿದ್ದು’ ಅಂತ ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದಾಗಲೆಲ್ಲ ನನಗೆ ನೆನಪಾಗುವುದು ಈ ಫಿಲ್ಟರೇ. ಅದು ಸೆಲ್ಯುಲೋಸ್ ಅಸಿಟೇಟ್, ಆ 2.5ರದ್ದು. ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳ ಕಿಣ್ವಗಳು ಬೆತ್ತಲೆ ಸರಪಳಿಯನ್ನು ಗುರುತು ಹಿಡಿದು ಕತ್ತರಿಸುತ್ತವೆ. ಮೂರರಲ್ಲಿ ಎರಡೂವರೆ ಕೈಗೆ ಗವಸು ಹಾಕಿಸಿದರೆ ಕಿಣ್ವ ಕೂರಲು ಜಾಗ ಸಿಗುವುದಿಲ್ಲ. ಮೊದಲು ಗವಸು ಕಳಚಬೇಕು, ಆಮೇಲೆ ಸರಪಳಿ ಕೊಳೆಯಬೇಕು. ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಹತ್ತಿ ಬಟ್ಟೆ, ರೇಯಾನ್, ಸೆಲ್ಲೋಫೇನ್ ಹಾಗಲ್ಲ, ಮೇಲೆ ಬೇರೆ ಲೇಪ ಇಲ್ಲದಿದ್ದರೆ ಕೊಳೆಯುತ್ತವೆ.

ಯುರೋಪಿನ ಒಕ್ಕೂಟ 2019ರಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಬಗ್ಗೆ ಕಾನೂನು ಮಾಡಿದಾಗ ಗೆರೆ ಎಳೆದದ್ದೂ ಇಲ್ಲೇ. ರಾಸಾಯನಿಕವಾಗಿ ಬದಲಾಯಿಸದ ನೈಸರ್ಗಿಕ ಪಾಲಿಮರ್, ಅಂದರೆ ಸೆಲ್ಯುಲೋಸಿನಂಥ ಉದ್ದ ಸರಪಳಿಯ ವಸ್ತು, ಪ್ಲಾಸ್ಟಿಕ್ ಅಲ್ಲ, ಬದಲಾಯಿಸಿದ್ದು ಪ್ಲಾಸ್ಟಿಕ್. ಹಾಗಾಗಿ ಕೊನೆಗೆ ಬರೀ ಸೆಲ್ಯುಲೋಸೇ ಆಗಿ ಉಳಿಯುವ ವಿಸ್ಕೋಸ್, ಲಯೋಸೆಲ್ ಆಚೆ ಉಳಿದವು, ಅಸಿಟೇಟ್ ಒಳಗೆ ಬಂತು. ಕೆಲವು ತಯಾರಕರಿಗೆ ಇದು ಅನ್ಯಾಯ ಅನ್ನಿಸಿತು. ನನಗೆ ಸರಿ ಅನ್ನಿಸಿತು.

ಪ್ರಶ್ನೆ: ನ್ಯಾನೋಸೆಲ್ಯುಲೋಸ್ ಬಂದರೆ ಪ್ಲಾಸ್ಟಿಕ್ ಕಥೆ ಮುಗಿಯಿತಾ?

ಇಲ್ಲ. ಸೆಲ್ಯುಲೋಸ್ ನಾರನ್ನು ಅತಿ ಸಣ್ಣ ಎಳೆಗಳಾಗಿ ಬಿಡಿಸಿದರೆ ನ್ಯಾನೋಸೆಲ್ಯುಲೋಸ್. ವಸ್ತು ಮಾತ್ರ ಸೊಗಸಾಗಿದೆ. ಟೆಂಪೋ ಎಂಬ ವೇಗವರ್ಧಕ ಬಳಸಿ ನಾರಿನ ಮೇಲ್ಮೈಯ ಕೆಲವು ಕೈಗಳನ್ನಷ್ಟೇ ಋಣ ವಿದ್ಯುತ್ತಿನ ಗುಂಪಾಗಿ ಮಾಡಿದರೆ, ಸಣ್ಣ ಸಣ್ಣ ಎಳೆಗಳು ಒಂದನ್ನೊಂದು ದೂಡಿ ಬಿಡಿಬಿಡಿಯಾಗುತ್ತವೆ. ಒಂದೊಂದೂ ಕೆಲವೇ ನ್ಯಾನೋಮೀಟರ್ ದಪ್ಪ. ಇದನ್ನು ಬೆಳೆಸಿದ ಜಪಾನಿನ ಅಕಿರಾ ಇಸೊಗಾಯ್ ತಂಡಕ್ಕೆ 2015ರಲ್ಲಿ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ ಬಂತು. ಇದರ ಹಾಳೆ ಗಾಜಿನ ಹಾಗೆ ಪಾರದರ್ಶಕ, ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ. ತೊಂದರೆ ಏನೆಂದರೆ ನೀರು. ತೇವ ತಾಗಿದರೆ ಉಬ್ಬುತ್ತದೆ, ತಡೆಯುವ ಗುಣ ಕುಸಿಯುತ್ತದೆ. ಜೊತೆಗೆ ತಯಾರಾಗುವಾಗ ಇದು ಬಹುಪಾಲು ನೀರೇ, ಅದನ್ನು ಒಣಗಿಸುವುದಕ್ಕೇ ಶಕ್ತಿ ಸುರಿಯಬೇಕು.

ಪ್ರಶ್ನೆ: ಇಷ್ಟೆಲ್ಲ ಬರೆದಿರಿ, ಇದರಿಂದ ಯಾರ ಜೀವವಾದರೂ ಉಳಿದಿದೆಯಾ?

ಚುಚ್ಚಿ ಕೇಳಿದ್ದೀರಿ ಅಂತ ಗೊತ್ತು. ಉಳಿದಿದೆ. ಗರ್ಭ ಪರೀಕ್ಷೆಯ ಪಟ್ಟಿ, ಕೋವಿಡ್ ಪಟ್ಟಿ, ಇವುಗಳಲ್ಲಿ ಗೆರೆ ಮೂಡುವ ಬಿಳಿ ಹಾಳೆ ನೈಟ್ರೋಸೆಲ್ಯುಲೋಸ್, ಸಿಡಿಹತ್ತಿಯ ತಂಗಿ. ಪ್ರೋಟೀನುಗಳು ಅದಕ್ಕೆ ಗಟ್ಟಿಯಾಗಿ ಅಂಟುತ್ತವೆ ಅನ್ನುವ ಒಂದೇ ಗುಣಕ್ಕೆ ಅಲ್ಲಿ ಜಾಗ ಸಿಕ್ಕಿದೆ. ಉಪ್ಪುನೀರನ್ನು ಸಿಹಿನೀರು ಮಾಡುವ ಮೊದಲ ಉಪಯುಕ್ತ ಪೊರೆಯನ್ನು ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ್ದು ಸೆಲ್ಯುಲೋಸ್ ಅಸಿಟೇಟಿನಿಂದ.

ಆದರೆ ನನಗೆ ಇಷ್ಟವಾದದ್ದು ವಿಲೆಮ್ ಕೋಲ್ಫ್ ಅವರದು. ಎರಡನೇ ಮಹಾಯುದ್ಧದ ನಡುವೆ, ನೆದರ್ಲ್ಯಾಂಡ್ಸಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ಈ ಡಾಕ್ಟರು ಸಾಸೇಜಿಗೆ ಬಳಸುವ ಸೆಲ್ಲೋಫೇನ್ ಕೊಳವೆಯನ್ನು ಮರದ ಪಟ್ಟಿಗಳ ಪೀಪಾಯಿಯ ಸುತ್ತ ಸುತ್ತಿ, ಅದರೊಳಗೆ ರೋಗಿಯ ರಕ್ತ ಹರಿಸಿ, ಪೀಪಾಯಿಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಕಿಡ್ನಿ ತೆಗೆಯಬೇಕಿದ್ದ ಯೂರಿಯಾ ಸೆಲ್ಲೋಫೇನಿನ ಮೂಲಕ ನೀರಿಗೆ ಸೋರಿತು, ರಕ್ತಕಣಗಳು ಒಳಗೇ ಉಳಿದವು. 1943ರಲ್ಲಿ ಶುರು ಮಾಡಿದರು, ಮೊದಲ ರೋಗಿಗಳು ಒಬ್ಬರಾದ ಮೇಲೆ ಒಬ್ಬರು ತೀರಿಕೊಂಡರು. ಅವರು ಬಿಡಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಎಚ್ಚರ ತಪ್ಪಿ ಮಲಗಿದ್ದವರು, ಆ ಪೀಪಾಯಿಯ ಪಕ್ಕದಲ್ಲೇ ಕಣ್ಣು ಬಿಟ್ಟರು.